ಪಂತುಲು ಕೊಡದ ಮುಹೂರ್ತ

ನಮ್ಮೂರಲ್ಲಿ ಯಾರು ಬೋರು ಹಾಕಿಸಿದರೂ, ಹೊಸ ಆಟೋ ತಂದರೂ, ಹಳೆ ಗೋಡೆಗೆ ಬಾಗಿಲು ಕೊರೆದರೂ ಮೊದಲು ನನ್ನನ್ನು ಕೇಳುತ್ತಾರೆ. ನನ್ನ ಹೆಸರು ಚಂದ್ರಭಟ್ಲ ನರಹರಿ ಶರ್ಮ. ಗೋದಾವರಿ ದಂಡೆಯ ಈ ಊರಿನಲ್ಲಿ ಎಲ್ಲರ ಬಾಯಲ್ಲೂ ಬರೀ ಪಂತುಲು, ಅಂದರೆ ಪುರೋಹಿತ. ಬೋರಿನಲ್ಲಿ ನೀರು ಬಂದರೆ ನನ್ನ ಮುಹೂರ್ತ, ಬಾರದಿದ್ದರೆ ಅವರ ಪ್ರಾರಬ್ಧ. ಇಷ್ಟು ಅನುಕೂಲದ ಕಸುಬು ಇನ್ನೊಂದಿಲ್ಲ.

ಕೆಲವು ವರ್ಷಗಳಿಂದ ಮಕ್ಕಳು ಹುಟ್ಟುವುದಕ್ಕೂ ನಾನೇ ಹೊತ್ತು ಗೊತ್ತುಮಾಡುತ್ತಿದ್ದೆ. ಬಸುರಿಯ ಅತ್ತೆಯೋ ಮಾವನೋ ಎಲೆ ಅಡಿಕೆ ಹಿಡಿದು ಬರುತ್ತಾರೆ, ನಾನು ಕನ್ನಡಕ ಏರಿಸಿ ಪಂಚಾಂಗ ತೆರೆಯುತ್ತೇನೆ, ಒಂದು ಲಗ್ನ ಹೇಳುತ್ತೇನೆ. ನರ್ಸಿಂಗ್ ಹೋಮಿನವರು ಆ ಲಗ್ನಕ್ಕೆ ಸರಿಯಾಗಿ ಹೊಟ್ಟೆ ಕೊಯ್ದು ಮಗುವನ್ನು ಎತ್ತಿಕೊಡುತ್ತಾರೆ. ಬಸುರಿ ಮಾತ್ರ ನನ್ನ ಜಗುಲಿಗೆ ಎಂದೂ ಬಂದವಳಲ್ಲ. ಅವಳು ಬರಬೇಕಿತ್ತು ಎಂದು ನನಗೆ ಹೊಳೆದದ್ದೂ ಇಲ್ಲ. ನನ್ನ ಲೆಕ್ಕದ ಪ್ರಕಾರ ಆ ಮಕ್ಕಳೆಲ್ಲ ಮುಂದೆ ಕಲೆಕ್ಟರುಗಳಾಗಬೇಕು. ಸದ್ಯಕ್ಕೆ ಅಂಗನವಾಡಿಯಲ್ಲಿ ಮೂಗು ಸುರಿಸುತ್ತಾ ಕೂತಿದ್ದಾರೆ.

ಹೀಗಿರುವಾಗ ನನ್ನ ಒಬ್ಬಳೇ ಮಗಳು ಸ್ರವಂತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಊರಿಗೆಲ್ಲ ಹಂಚಿದ ಕೈ, ಸ್ವಂತ ಮೊಮ್ಮಗುವಿಗೆ ಕಡಿಮೆ ಮಾಡೀತೇ? ವಾರಗಟ್ಟಲೆ ಗುಣಿಸಿ ಭಾಗಿಸಿ ಒಂದು ಗುರುವಾರ ಹಿಡಿದೆ. ಪುಷ್ಯ ನಕ್ಷತ್ರ, ಗುರು ಉಚ್ಚ, ಪಾಪಗ್ರಹಗಳೆಲ್ಲ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ಹೊತ್ತು. ಹನುಮಕೊಂಡದ ಬೀಗಿತಿ ರಾಜ್ಯಲಕ್ಷ್ಮಿಯವರಿಗೆ ಫೋನಿನಲ್ಲಿ ಹೇಳಿದಾಗ ಅವರು ಆನಂದದಿಂದ ಅತ್ತೇಬಿಟ್ಟರು. ನರ್ಸಿಂಗ್ ಹೋಮಿನಲ್ಲಿ ಕೋಣೆಯನ್ನೂ ಅವರೇ ಹಿಡಿದರು.

ಗುರುವಾರ ಬೆಳಿಗ್ಗೆ ಆಟೋ ಬಾಗಿಲಿಗೆ ಬಂತು. ಸ್ರವಂತಿ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು, ತಾಯಿಯ ಜೊತೆ ಚಕ್ಕುಲಿಯಂಥ ಸಕಿನಾಲು ಸುತ್ತುತ್ತಿದ್ದಳು. ಅಕ್ಕಿಹಿಟ್ಟಿನ ಎಳೆಯನ್ನು ಬೆರಳಲ್ಲಿ ತಿರುಚಿ ಬಟ್ಟೆಯ ಮೇಲೆ ಉಂಗುರ ಬಿಡುವುದರಲ್ಲಿ ಅವಳಿಗಿದ್ದ ಏಕಾಗ್ರತೆ ನನಗೆ ಸಂಧ್ಯಾವಂದನೆಯಲ್ಲೂ ಇಲ್ಲ.

"ಏಳವ್ವಾ, ಹೊತ್ತು ಮೀರ್ತದ" ಎಂದೆ.

"ಎಲ್ಲಿಗೆ ಅಪ್ಪಾ? ನನಗ ಬ್ಯಾನಿನೇ ಬಂದಿಲ್ಲ."

"ಬ್ಯಾನಿ ಯಾಕ ಬೇಕು? ಡಾಕ್ಟರು ಇದ್ದಾರಲ್ಲ!"

"ಸರಕಾರಿ ದವಾಖಾನಿಯ ಎಸ್ತೇರು ಮೇಡಂ ನೋಡ್ಯಾರ. ಕೂಸು ಚೆಂದ ಅದ, ನಾನೂ ಚೆಂದ ಇದ್ದೀನಿ, ಬ್ಯಾನಿ ಬಂದಾಗ ಬಾ ಅಂದಾರ. ಸುಮ್ಮಸುಮ್ಮನ ಯಾಕ ಕೊಯ್ಸಿಕೊಳ್ಳಲಿ?"

ತಿಂಗಳಿಗೊಮ್ಮೆ ತಾಯಿ ಮಗಳು ಗುಡಿಗೆ ಹೋಗುತ್ತೇವೆಂದು ಹೋಗುತ್ತಿದ್ದದ್ದು ಸರ್ಕಾರಿ ಆಸ್ಪತ್ರೆಗೆ ಎಂದು ಆಗ ತಿಳಿಯಿತು. ಗ್ರಹಗಳು ಯಾವ ಮನೆಯಿಂದ ಯಾವ ಮನೆಗೆ ಹೋದವೆಂದು ಕೂತಲ್ಲೇ ಹೇಳುವ ನನಗೆ ಹೆಂಡತಿ ಮಗಳು ಎಲ್ಲಿಗೆ ಹೋಗುತ್ತಾರೆಂದು ಗೊತ್ತಿರಲಿಲ್ಲ.

"ಇಂಥಾ ಯೋಗ ಮತ್ತ ಬರೂದಿಲ್ಲ" ಎಂದು ಗೋಗರೆದೆ.

ಸ್ರವಂತಿ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟಳು. "ಹಿಂದಿನ ಓಣಿ ಮಮತಾನ ಕೂಸು ನಿಮ್ಮ ಯೋಗದಾಗ ಹುಟ್ಟಿತ್ತಲ್ಲ ಅಪ್ಪಾ, ದಿನ ತುಂಬೂಕಿಂತ ಮೊದಲೇ? ಎಷ್ಟು ದಿನ ಗಾಜಿನ ಪೆಟ್ಟಿಗ್ಯಾಗ ಇತ್ತು, ನೆನಪದ ಏನು? ಹುಟ್ಟೂ ಮುಹೂರ್ತ ನೀವು ಕೊಟ್ರಿ. ಉಸಿರಾಡೂ ಮುಹೂರ್ತ ಯಾರು ಕೊಡಬೇಕಿತ್ತು?"

"ಈಗ ಗುಂಡುಕಲ್ಲಿನಂಗ ಅದಲ್ಲ ಆ ಕೂಸು!"

"ಹೌದು. ಮಮತಾಗ ಇನ್ನೂ ಕನಸಿನ್ಯಾಗ ಆ ಪೆಟ್ಟಿಗಿ ಬರ್ತದ."

ನನ್ನ ಹೆಂಡತಿ ಅರುಂಧತಿ ಬಾಣಲೆಯಿಂದ ಕಣ್ಣೆತ್ತದೆ, "ಆಟೋದವನಿಗೆ ಎರಡು ಸಕಿನಾಲು ಕೊಟ್ಟು ಕಳಸ್ರಿ, ಪಾಪ, ಸುಮ್ಮನ ನಿಂತಾನ" ಎಂದಳು. ನನ್ನ ವಿಶ್ವಪ್ರಯತ್ನವೆಲ್ಲ ಎರಡು ಸಕಿನಾಲಿನಲ್ಲಿ ಮುಗಿಯಿತು.

ಈಗ ಬೀಗಿತಿಗೆ ಏನು ಹೇಳುವುದು? ಮಗಳು ನನ್ನ ಮಾತು ಕೇಳುವುದಿಲ್ಲ ಎಂದರೆ ಪಂತುಲುವಿನ ಮರ್ಯಾದೆ ಹನುಮಕೊಂಡದಲ್ಲಿ ಹರಾಜಾಗುತ್ತದೆ. ಫೋನು ಎತ್ತಿ ಗಂಟಲು ಸರಿಮಾಡಿಕೊಂಡೆ. "ಬೀಗಿತ್ಯಾರ, ಗುರುವಾರದಾಗ ಒಂದು ಸಣ್ಣ ದೋಷ ಕಂಡದ. ಇದಕ್ಕಿಂತ ದೊಡ್ಡ ಮುಹೂರ್ತ ಒಂದು ಬರ್ಲಿಕ್ಕತ್ತದ. ನಾ ನೋಡ್ಲಿಕ್ಕತ್ತೀನಿ" ಎಂದೆ.

"ಇನ್ನೂ ದೊಡ್ಡದಾ!" ಎಂದು ಅವರು ಮತ್ತೊಮ್ಮೆ ಅತ್ತರು.

ಮರುದಿನ ಶುಕ್ರವಾರ, ಆಶ್ಲೇಷಾ ನಕ್ಷತ್ರ ಕಾಲಿಡುತ್ತಿದ್ದಂತೆಯೇ ಸ್ರವಂತಿಗೆ ಬೇನೆ ಹತ್ತಿತು. ಪುಷ್ಯದ ಮರುದಿನ ಆಶ್ಲೇಷಾ ಬರುತ್ತದೆಂದು ಊರಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಸುಳ್ಳು ಹೇಳುವ ಆತುರದಲ್ಲಿ ಮುಂದಿನ ಸಾಲು ನೋಡಿರಲಿಲ್ಲ. ಆಶ್ಲೇಷಾ ಎಂದರೆ ಜನ ಹೆದರಿ ಯಾವ ಶುಭಕಾರ್ಯಕ್ಕೂ ಕೈಹಾಕದ ನಕ್ಷತ್ರ. ಅದರ ನಾಲ್ಕು ಪಾದಗಳಲ್ಲಿ ಮೊದಲನೇ ಪಾದ, ಅಂದರೆ ಮಧ್ಯಾಹ್ನದವರೆಗೆ, ಹೇಗೋ ನಡೆಯುತ್ತದೆ. ಅದು ದಾಟಿದರೆ ಒಂದು ಪಾದ ಮನೆಯ ಐಶ್ವರ್ಯಕ್ಕೆ, ಒಂದು ತಾಯಿಗೆ, ಒಂದು ತಂದೆಗೆ ಕೆಡುಕು ಎಂದು ನಾನೇ ಎಷ್ಟೋ ಮನೆಗಳಲ್ಲಿ ಶಾಂತಿ ಮಾಡಿಸಿದ್ದೇನೆ. ಇಂಥ ಶಾಂತಿಗೆ ಸಂಭಾವನೆ ಜಾಸ್ತಿ.

ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲಲ್ಲಿ ಎಸ್ತೇರು ಮೇಡಂ ನಿಂತಿದ್ದಳು. ಎತ್ತರದ ಹೆಂಗಸು, ದೊಡ್ಡ ಗಂಟಲು, ಹೆರಿಗೆ ಮಾಡಿಸುವ ವಿಶೇಷ ತರಬೇತಿ ಪಡೆದ ನರ್ಸು. ಅದನ್ನು ಎದೆಯ ಮೇಲಿನ ಬಿಲ್ಲೆಯಲ್ಲಿ ದೊಡ್ಡದಾಗಿ ಹಾಕಿಕೊಂಡೂ ಇದ್ದಳು.

"ನಾನು ಚಂದ್ರಭಟ್ಲ ನರಹರಿ ಶರ್ಮ" ಎಂದೆ, ಅಷ್ಟು ಸಾಕೆಂಬ ಧಾಟಿಯಲ್ಲಿ.

"ಭಾಳ ಸಂತೋಷ್ರಿ" ಎಂದು ನನ್ನನ್ನು ದಾಟಿ ಮಗಳ ಕಡೆ ತಿರುಗಿದಳು. "ಸ್ರವಂತೀ, ಎಷ್ಟೊತ್ತಿಗೆ ಶುರುವಾತವ್ವಾ? ಒಳಗ ನಿನ್ನ ಸಂಗಾಟ ಯಾರಿರಬೇಕು?"

"ಅಮ್ಮ ಇರ್ಲಿ."

"ಅಕಿಗೆ ಒಂದು ಬ್ಯಾರೆ ಕೋಣಿ..." ಎಂದು ನಾನು ಶುರುಮಾಡಿದೆ. "ನಮ್ಮಲ್ಲಿ ಮಡಿ, ಮೈಲಿಗೆ..."

"ಎಲ್ಲಾರಿಗೂ ಒಂದೊಂದು ಮಂಚ, ಒಂದೊಂದು ಪರದೆ. ಇದ್ರೊಳಗ ಸಣ್ಣೋರು ದೊಡ್ಡೋರು ಇಲ್ರಿ. ನಿಮಗ ಹೊರಗ ಬೆಂಚದ."

ಊರಿನ ಬಾವಿ ಬೋರುಗಳೆಲ್ಲ ನನ್ನ ಬಾಯಿ ನೋಡುತ್ತವೆ. ಇಲ್ಲಿ ನನ್ನ ಸ್ವಂತ ಮಗಳ ಹೆರಿಗೆಯಲ್ಲಿ ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಬೆಂಚಿನ ಮೇಲೆ ಪಂಚಾಂಗ ಬಿಡಿಸಿಕೊಂಡು ಕೂತೆ. ಅದಾದರೂ ನನ್ನ ಮಾತು ಕೇಳುತ್ತದೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಬೀಡಿ ಸುತ್ತುವ ಲಚ್ಚವ್ವ ಕೂತಿದ್ದಳು. ಮೈಯೆಲ್ಲ ತಂಬಾಕಿನ ವಾಸನೆ, ಬೆರಳಿನ ತುದಿಗಳು ಕಂದು. ಅವಳ ಸೊಸೆ ಗಂಗಮಣಿಯೂ ಅದೇ ಕೋಣೆಯಲ್ಲಿ ಸ್ರವಂತಿಯ ಪಕ್ಕದ ಪರದೆಯ ಆಚೆಗೆ ಇದ್ದಳು.

"ಏನ್ರಿ ಪಂತುಲು, ನೀವಿಲ್ಲಿ? ದೊಡ್ಡೋರೆಲ್ಲ ನರ್ಸಿಂಗ್ ಹೋಮಿಗೆ ಹೋಗ್ತಾರಂತ ತಿಳ್ಕೊಂಡಿದ್ದೆ. ಇವತ್ತಿನ ನಕ್ಷತ್ರ ಹೆಂಗದ ಹೇಳ್ರಿ, ನಮ್ಮ ಗಂಗಮಣಿದೂ ಹತ್ರ ಬಂದದ."

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಯಾರದೇನೂ ಹೋಗುತ್ತಿರಲಿಲ್ಲ. ಬೀಗಿತಿಗೆ ಸುಳ್ಳು ಹೇಳಿದ್ದ ನಾನು ಲಚ್ಚವ್ವನಿಗೆ ಮಾತ್ರ ಸತ್ಯಹರಿಶ್ಚಂದ್ರನಾದೆ. "ಆಶ್ಲೇಷಾ ಲಚ್ಚವ್ವಾ. ಹುಟ್ಟಿದ ಕೂಸಿಗೆ ಮುಂದ ಲಗ್ನ ಆದ್ರ ಅದರ ಅತ್ತಿಯ ಜೀವಕ್ಕ ಗಂಡಾಂತರ ಅಂತಾರ" ಎಂದೆ.

ಲಚ್ಚವ್ವ ಬೆಂಚು ಅಲ್ಲಾಡುವಂತೆ ನಕ್ಕಳು. "ನಾನೇ ಆಶ್ಲೇಷಾದಾಗ ಹುಟ್ಟೀನ್ರಿ! ನನ್ನ ಅತ್ತಿ ತೊಂಬತ್ತು ವರ್ಷ ಬದುಕಿ ನನ್ನ ಜೀವಾ ತಿಂದು ಹೋದಳು. ಯಾವ ನಕ್ಷತ್ರಕ್ಕೂ ಹೆದರಲಿಲ್ಲ ಆ ಮುದುಕಿ."

ಅಷ್ಟರಲ್ಲಿ ಎಸ್ತೇರು ಬಂದು, "ಲಚ್ಚವ್ವಾ, ಗಂಗಮಣಿ ನೀನೇ ಬೇಕಂತಾಳ" ಎಂದಳು. ಸೊಸೆ ಅತ್ತೆಯನ್ನು ಕರೆದದ್ದು ಕೇಳಿ ಲಚ್ಚವ್ವನ ಮುಖ ಅರಳಿತು. ಕೈಯಲ್ಲಿದ್ದ ಚಹಾದ ಥರ್ಮಾಸು, ಹಳೆ ಸೀರೆಯ ತುಂಡುಗಳ ಗಂಟು ಎರಡನ್ನೂ ನನ್ನ ತೊಡೆಯ ಮೇಲೆ ಇಟ್ಟು, "ಹಿಡ್ಕೋರಿ ಪಂತುಲು, ಬಂದೆ" ಎಂದು ಓಡಿದಳು. ಮಡಿಪಂಚೆಯ ಮೇಲೆ ತಂಬಾಕು ನಾರುವ ಗಂಟು. ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ. ಎಲ್ಲರೂ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಸ್ರವಂತಿ ತಾಯಿಯ ತೋಳು ಹಿಡಿದು ಪಡಸಾಲೆಯಲ್ಲಿ ಓಡಾಡಲು ಬಂದಳು. ನಾಲ್ಕು ಹೆಜ್ಜೆ ನಡೆದು, ಗೋಡೆಯ ಸರಳು ಹಿಡಿದು, ಕಣ್ಣು ಮುಚ್ಚಿ ಬುಸುಗುಟ್ಟಿದಳು. "ಅವ್ವಾ, ಅಡ್ಡಾಡಬ್ಯಾಡ, ಮಲಕ್ಕೋ!" ಎಂದೆ.

"ಮೇಡಂ ಅಡ್ಡಾಡು ಅಂದಾರ. ಮಲಗಿದ್ರ ಬ್ಯಾನಿ ಜಾಸ್ತಿ ಅನಸ್ತದ" ಎಂದು ಅರುಂಧತಿ ನನ್ನನ್ನು ಕಂಬವೇನೋ ಎಂಬಂತೆ ಬಳಸಿಕೊಂಡು ಹೋದಳು.

ಬಿಸಿಲು ಮೇಲೇರಿತು. ಮಧ್ಯಾಹ್ನಕ್ಕೆ ಮೊದಲನೇ ಪಾದ ಮುಗಿಯುತ್ತದೆ. ತಡೆಯಲಾರದೆ ಬಾಗಿಲಿಗೆ ಹೋಗಿ ಎಸ್ತೇರುವನ್ನು ಕರೆದೆ. "ಸ್ವಲ್ಪ ಜಲ್ದಿ ಆಗೂ ಇಂಜೆಕ್ಷನ್ನು ಇರ್ತದಂತಲ್ಲ?"

"ಅದ ರೀ. ಅಕಿಗೂ ಕೂಸಿಗೂ ಬೇಕಾದ್ರ ಕೊಡ್ತೀವಿ. ಪಂಚಾಂಗಕ್ಕ ಬೇಕಾದ್ರ ಕೊಡೂದಿಲ್ಲ."

ಹಿಂದಕ್ಕೆ ಬಂದು ಕೂತೆ. ಮಧ್ಯಾಹ್ನ ದಾಟಿತು. ಈಗ ಲೆಕ್ಕ ತಿರುಗಿತು: ಇನ್ನು ನಾಳೆ ಮಘಾ ಬರುವತನಕ ಹುಟ್ಟದಿದ್ದರೆ ಒಳ್ಳೆಯದು. ಮತ್ತೆ ಎದ್ದು ಹೋದೆ. "ಮೇಡಂ, ನಾಳೆತನಕ ತಡಿಯೂದಕ್ಕ ಏನರ ಉಪಾಯ..."

ಎಸ್ತೇರು ಸೊಂಟದ ಮೇಲೆ ಕೈಯಿಟ್ಟಳು. "ಬಸ್ಸೇನ್ರಿ ಇದು, ನೀವು ಸೀಟಿ ಊದಿದಾಗ ನಿಂದ್ರಲಿಕ್ಕ, ಊದಿದಾಗ ಹೊಂಡಲಿಕ್ಕ?"

ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಬೀಗಿತಿ.

"ಬೀಗ್ರ! ಸರಕಾರಿ ದವಾಖಾನ್ಯಾಗ ಇದ್ದೀರಂತ ನರ್ಸಿಂಗ್ ಹೋಮಿನವರು ಹೇಳಿದ್ರು. ನಿಮ್ಮ ದೊಡ್ಡ ಮುಹೂರ್ತ ಇದಾ? ನಮ್ಮ ಮನಿ ಕ್ಯಾಲೆಂಡರದಾಗೂ ಆಶ್ಲೇಷಾ ಅಂತನೇ ಅದ! ನನ್ನ ಮಗನ ಜೀವದ ಪ್ರಶ್ನೆ. ಮೂರನೇ ಪಾದ, ನಾಕನೇ ಪಾದ ಬರೂದ್ರೊಳಗ ಅಕಿನ್ನ ನರ್ಸಿಂಗ್ ಹೋಮಿಗೆ ಒಯ್ಯಿರಿ. ಕಾರು ಕಳಿಸೀನಿ, ಗೇಟಿನ ಹತ್ರ ನಿಂತದ. ಡಾಕ್ಟರು ರೆಡಿ ಇದ್ದಾರ."

ನಿಜ ಹೇಳುತ್ತೇನೆ, ನನಗೆ ಹಗುರಾಯಿತು. ಕಾರಿದೆ, ಡಾಕ್ಟರಿದ್ದಾರೆ, ನನ್ನ ಮರ್ಯಾದೆ ಇನ್ನೂ ಉಳಿಯಬಹುದು. ಅದೊಂದೇ ಅಲ್ಲ. ತಾಯಿಯ ಪಾದ, ತಂದೆಯ ಪಾದ ಎಂದು ಊರಿಗೆಲ್ಲ ಹೇಳಿ ಹೇಳಿ ನಾನೇ ಅದನ್ನು ನಂಬಿಬಿಟ್ಟಿದ್ದೆ. ಮಗಳಿಗೆ ಏನಾದರೂ ಆದರೆ? ಬಾಗಿಲ ಪರದೆಯ ಹತ್ತಿರ ನಿಂತು ಕೂಗಿದೆ. "ಸ್ರವಂತೀ, ಗೇಟಿನ ಹತ್ರ ಕಾರು ಬಂದದವ್ವಾ. ನರ್ಸಿಂಗ್ ಹೋಮಿಗೆ ಹೋಗೂಣು. ಹತ್ತು ನಿಮಿಷದಾಗ ಎಲ್ಲಾ ಮುಗೀತದ."

ಒಳಗೆ ಬೇನೆಯ ಅಲೆಯೊಂದು ಏರಿ ಇಳಿಯಿತು. ಆಮೇಲೆ ಸ್ರವಂತಿಯ ದನಿ ಬಂತು, ಬೆವರಿದ ದನಿ. "ಅಪ್ಪಾ, ಹಡಿಯೋಕಿ ಯಾರು?"

ಎಷ್ಟೋ ಸಭೆಗಳಲ್ಲಿ ಪಂಡಿತರ ಬಾಯಿ ಮುಚ್ಚಿಸಿದ ನಾನು ಎಸ್ತೇರುವಿನ ಕಡೆ ನೋಡಿದೆ.

ಎಸ್ತೇರು ಕೇಳಿದಳು, ನನ್ನನ್ನಲ್ಲ. "ಹೋಗ್ತೀ ಏನವ್ವಾ? ನಿನಗ ಹೋಗಬೇಕನಿಸಿದ್ರ ನಾನೇ ಕಳಸ್ತೀನಿ. ಈಗ ನಿನಗೂ ಕೂಸಿಗೂ ಏನೂ ತೊಂದ್ರಿ ಇಲ್ಲ. ತೊಂದ್ರಿ ಕಂಡ್ರ ಇಲ್ಲೇ ಡಾಕ್ಟರಮ್ಮ ಇದ್ದಾರ, ಆಪರೇಷನ್ನೂ ಇಲ್ಲೇ ಆಗ್ತದ, ನಿನಗ ಹೇಳಿನೇ ಮಾಡ್ತೀವಿ."

"ನಾ ಎಲ್ಲೂ ಹೋಗೂದಿಲ್ಲ."

"ಮುಗೀತು" ಎಂದಳು ಎಸ್ತೇರು. ಅರುಂಧತಿಯ ಕೈ ಪರದೆಯ ಸಂದಿಯಿಂದ ಬಂದು, ಅದನ್ನು ನನ್ನ ಮೂಗಿನ ಮುಂದೆ ಸರ್ರನೆ ಎಳೆಯಿತು. ಮದುವೆಯಾದಂದಿನಿಂದ ಅವಳು ನನ್ನ ಮುಖಕ್ಕೆ ಬಾಗಿಲು ಹಾಕಿದ್ದು ಅದೇ ಮೊದಲು. ಅದೂ ಬಟ್ಟೆಯ ಬಾಗಿಲು.

ಬೆಂಚಿಗೆ ಮರಳಿದವನು ಕಾರನ್ನು ಹಿಂದಕ್ಕೂ ಕಳಿಸಲಿಲ್ಲ, ಬೀಗಿತಿಗೆ ಫೋನೂ ಮಾಡಲಿಲ್ಲ. ಆಗ ಒಬ್ಬ ರೈತ ಬಂದು ಕೈ ಮುಗಿದ. "ಪಂತುಲು, ಹೆಂಗೂ ಖಾಲಿ ಕುಂತೀರಿ. ಮನಿ ಒಕ್ಕಲಿಗೆ ಒಂದು ದಿನಾ ನೋಡಿ ಹೇಳ್ರಲ್ಲ." ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. ಯಾರಿಗೋ ನಾನು ಬೇಕಾಗಿದ್ದೆ! ಕನ್ನಡಕ ಏರಿಸಿದೆ, ಪುಟ ತಿರುವಿದೆ, ದನಿ ತಾನಾಗಿ ಗಂಭೀರವಾಯಿತು. ಅವನ ಹಿಂದೆ ಇನ್ನೊಬ್ಬಳು ಬಂದಳು, ಮಗನ ಕಿವಿ ಚುಚ್ಚಿಸಬೇಕು. ಅವಳ ಹಿಂದೆ ಹೊಸ ಟ್ರ್ಯಾಕ್ಟರಿನವನು. ನೋಡನೋಡುತ್ತ ಆಸ್ಪತ್ರೆಯ ಬೆಂಚು ನನ್ನ ಮನೆಯ ಜಗುಲಿಯಾಯಿತು. ಥರ್ಮಾಸಿನಿಂದ ಲಚ್ಚವ್ವನ ಚಹಾ ಯಾರೋ ಬಗ್ಗಿಸಿ ಕೊಟ್ಟರು, ನಾನು ಕುಡಿದೆ. ಮಡಿಯ ನೆನಪು ಬಂದದ್ದು ಲೋಟ ಖಾಲಿಯಾದ ಮೇಲೆ.

ಟ್ರ್ಯಾಕ್ಟರಿನವನಿಗೆ ರಾಹುಕಾಲ ವಿವರಿಸುತ್ತಿದ್ದಾಗ ಒಳಗಿನಿಂದ ಕೂಸೊಂದು ಅತ್ತ ಸದ್ದು ಬಂತು. ಬೆರಳೆತ್ತಿ, "ನೋಡು, ಮಾತಾಡ್ತಾ ಇರೂವಾಗಲೇ ಯಾರದೋ ಕೂಸಿನ ದನಿ ಬಂತು. ಶುಭಶಕುನ. ಧೈರ್ಯದಿಂದ ತಗೋ" ಎಂದೆ. ಅವನು ಖುಷಿಯಿಂದ ನನ್ನ ಕಾಲು ಮುಟ್ಟಿದ. ನಾನು ಮುಂದಿನವರನ್ನು ಕರೆದೆ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದು ಎಸ್ತೇರು ಕೇಳಿದಳು. "ಸ್ರವಂತಿ ಕಡೇವರು ಯಾರ್ರಿ? ಆಗಲಿಂದ ಅಕಿ ಅಪ್ಪ ಎಲ್ಲಿ ಅಂತ ಕೇಳ್ಲಿಕ್ಕತ್ಯಾಳ."

ಶಾಲೆಯ ಹುಡುಗನ ಹಾಗೆ ಕೈ ಎತ್ತಿದೆ. ಪಂಚಾಂಗ, ಕನ್ನಡಕ, ಭಕ್ತಾದಿಗಳು ಎಲ್ಲರನ್ನೂ ಬೆಂಚಿನ ಮೇಲೆ ಬಿಟ್ಟು ಒಳಗೆ ಓಡಿದೆ.

ಸ್ರವಂತಿ ದಿಂಬಿಗೊರಗಿ ಕೂತಿದ್ದಳು. ಕೂದಲು ಹಣೆಗೆ ಅಂಟಿತ್ತು. ಎದೆಯ ಮೇಲೆ, ಬರಿಮೈಗೆ ಬರಿಮೈ ತಾಗಿಸಿ, ಅವಳ ಸೆರಗಿನೊಳಗೆ ಒಂದು ಕೆಂಪು ಕೂಸು. ಅರುಂಧತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು. ಆಗ ನನ್ನ ಬಾಯಿಂದ ಹೊರಟ ಮೊದಲ ಮಾತು ಇದು:

"ಎಷ್ಟು ಗಂಟೆಗೆ?"

ಪಕ್ಕದ ಪರದೆ ಸರಿಸಿ ಲಚ್ಚವ್ವ ತಲೆ ಹಾಕಿದಳು. ಅವಳ ಗಂಗಮಣಿಗೆ ಇನ್ನೂ ಬೇನೆ ನಡೆದಿತ್ತು; ಆಗ ಅತ್ತದ್ದು ನಮ್ಮ ಕೂಸೇ. ನನ್ನ ಕಡೆ ಕಣ್ಣೂ ಹಾಯಿಸದೆ, "ಹೆಂಗಿದ್ದಿ ನನ್ನವ್ವಾ? ಭಾಳ ತ್ರಾಸಾತೇನು? ನೀರು ಕುಡದೇನು?" ಎಂದು ನನ್ನ ಮಗಳನ್ನು ಕೇಳಿದಳು. ಸ್ರವಂತಿ ತಲೆಯಾಡಿಸಿ ನಕ್ಕಳು.

ಕೂಸನ್ನು ನನ್ನ ಕೈಗೆ ಕೊಟ್ಟರು. ಹೆಣ್ಣು. ಮಣಿಕಟ್ಟಿನಲ್ಲಿ ಒಂದು ಪಟ್ಟಿ, ಅದರ ಮೇಲೆ ತಾಯಿಯ ಹೆಸರು, ಕೆಳಗೆ ಹುಟ್ಟಿದ ವೇಳೆ. ಕನ್ನಡಕ ಪಂಚಾಂಗದ ಮೇಲಿತ್ತು. ಕೈ ದೂರ ಹಿಡಿದು ನೋಡಿದೆ, ಹತ್ತಿರ ತಂದು ನೋಡಿದೆ.

"ಅಪ್ಪಾ, ಕಣ್ಣು ಕಿರಿದು ಮಾಡಬ್ಯಾಡ್ರಿ" ಎಂದಳು ಸ್ರವಂತಿ. "ವೇಳ್ಯಾ ನನಗ ಗೊತ್ತದ, ಹೇಳ್ತೀನಿ. ಮೊದಲು ಲಚ್ಚವ್ವ ಕೇಳಿದ್ದು ನೀವೂ ಕೇಳ್ರಿ."

ಸಂಕಲ್ಪ ಮಂತ್ರ ಮೊದಲ ಸಲ ಹೇಳುವ ವಟುವಿನ ಹಾಗೆ ತೊದಲುತ್ತ ಕೇಳಿದೆ. "ಹೆಂಗಿದ್ದಿ ಅವ್ವಾ?"

ಅವಳು ಹೇಳತೊಡಗಿದಳು. ಹಡೆಯಲು ನಿಂತು ನೋಡಿದ್ದು, ಮೊಣಕಾಲೂರಿ ನೋಡಿದ್ದು, ಕೊನೆಗೆ ತಾಯಿಯ ಕೊರಳಿಗೆ ಜೋತುಬಿದ್ದದ್ದು. ಕಿರುಚಿಕೊಂಡಾಗ ಯಾರೂ ಗದರದೆ, ಎಸ್ತೇರು ಸೊಂಟ ಒತ್ತಿಕೊಟ್ಟದ್ದು. ಮುಟ್ಟುವ ಮೊದಲು ಪ್ರತಿಸಲವೂ "ನೋಡ್ಲೇನವ್ವಾ?" ಎಂದು ಕೇಳುತ್ತಿದ್ದದ್ದು. ಪಕ್ಕದಲ್ಲಿ ಗಂಗಮಣಿಗೂ ಅದೇ ದನಿಯಲ್ಲಿ ಹಾಗೆಯೇ ಕೇಳುತ್ತಿದ್ದದ್ದು.

ಅರುಂಧತಿ ಮೆಲ್ಲಗೆ ಅಂದಳು, ನನಗಲ್ಲ, ಮಗಳಿಗೆ. "ನೀ ಹುಟ್ಟೂವಾಗ ನನಗ ಯಾರೂ ಕೇಳಲಿಲ್ಲ. ಒಬ್ಬಾಕಿನೇ ಇದ್ದೆ. ನಾ ಅತ್ತರ ದವಾಖಾನಿಯವರು ತೊಡಿ ಮ್ಯಾಲೆ ಹೊಡೀತಿದ್ದರು, ಹಡಿಯಾಕ ಬಂದೀದಿ, ಸುಮ್ಮನ ಬಿದ್ಕೋ ಅಂತ. ನೀಲಿಗಟ್ಟಿತ್ತು."

"ನನಗ ಹೇಳಲಿಲ್ಲಲ್ಲ?" ಎಂದೆ.

"ನೀವು ಕೇಳಿದ್ದು ವೇಳ್ಯಾ ಒಂದೇ. ಅದನ್ನ ಹೇಳೀನಿ."

ಸ್ರವಂತಿಯ ಜಾತಕ ನಮ್ಮ ಪೆಟ್ಟಿಗೆಯಲ್ಲಿದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಿಮಿಷ ತಪ್ಪದೆ ನಾನೇ ಬರೆದದ್ದು. ಅಷ್ಟು ಚೆಂದದ ಜಾತಕ ಜಿಲ್ಲೆಯಲ್ಲಿ ಇಲ್ಲ ಎಂದು ಹೇಳಿಕೊಂಡು ತಿರುಗಿದ್ದೇನೆ. ಆ ನಿಮಿಷದಲ್ಲಿ ನನ್ನ ಹೆಂಡತಿಗೆ ಏಟು ಬೀಳುತ್ತಿತ್ತು. ಅಳು ಬಂತು. ಕೂಸಿನ ಮೇಲೆ ಬೀಳಬಾರದೆಂದು ಮುಖ ಆಚೆ ತಿರುಗಿಸಿ ಅತ್ತೆ.

ಫೋನು ಬಡಿದುಕೊಂಡಿತು. ಅರುಂಧತಿ ಎತ್ತಿ ನನ್ನ ಕಿವಿಗೆ ಹಿಡಿದಳು, ನನ್ನ ಕೈಯಲ್ಲಿ ಕೂಸಿತ್ತಲ್ಲ.

"ಬೀಗ್ರ, ಆತಂತಲ್ಲ! ಡ್ರೈವರ ಹೇಳಿದ. ಎಷ್ಟು ಗಂಟೆಗೆ? ಯಾವ ಪಾದ?" ಬೀಗಿತಿಯ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಬೀಗಿತ್ಯಾರ" ಎಂದೆ, ಗಂಟಲು ಸರಿಮಾಡಿಕೊಂಡು, ಧರ್ಮಶಾಸ್ತ್ರದ ಗಾಂಭೀರ್ಯದಲ್ಲಿ. "ಏನು ಕೇಳ್ಲಿಕ್ಕತ್ತೀರಿ ನೀವು? ಹಡದಾಕಿ ಹೆಂಗಿದ್ದಾಳ ಅಂತ ಮೊದಲು ಕೇಳಬೇಕು. ಅಷ್ಟೂ ಗೊತ್ತಾಗೂದಿಲ್ಲೇನು?"

ಲಚ್ಚವ್ವ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ತಿರುಗಿದಳು, ಹೆಗಲು ಕುಣಿಯುತ್ತಿತ್ತು. ಈಗಷ್ಟೇ, ಅದೂ ತೊದಲುತ್ತ ಕಲಿತದ್ದನ್ನು ನಾನು ಅಜ್ಜನ ಕಾಲದಿಂದ ಬಲ್ಲವನ ಹಾಗೆ ಹೇಳುತ್ತಿದ್ದೆ. ಅರುಂಧತಿ ಫೋನು ಹಿಡಿದ ಕೈ ಕದಲಿಸದೆ ನನ್ನ ಮುಖವನ್ನೇ ನೋಡಿದಳು. ಎಷ್ಟೋ ವರ್ಷಗಳಿಂದ ಬರಬೇಕಿದ್ದ ಪ್ರಶ್ನೆಯೊಂದಕ್ಕೆ ಕಾಯುವಂತೆ ನೋಡಿದಳು.

ಕೂಸನ್ನು ಮಗಳ ಎದೆಗೆ ಮರಳಿಸಿ ಅರುಂಧತಿಯ ಕಡೆ ತಿರುಗಿದೆ.

"ಆವತ್ತು... ನೀ ಹೆಂಗಿದ್ದೀ?" ಎಂದೆ.